ಚಂದಗುಳಿ ವಸ್ತಿ, ಅಪಘಾತ ಸೊನ್ನೆ

ಮಧುಕೇಶ್ವರಣ್ಣನ ಬಲಗಾಲು ಇನ್ನೂ ನಿವೃತ್ತಿಯಾಗಿಲ್ಲ. ಉಳಿದ ದೇಹ ನಾಲ್ಕು ವರ್ಷದ ಹಿಂದೆಯೇ ಹಾರ ಹಾಕಿಸಿಕೊಂಡು, ಶಾಲು ಹೊದ್ದು, ಡಿಪೋದ ಗೇಟು ದಾಟಿ ಶಿರಸಿಯ ನಮ್ಮ ಓಣಿಗೆ ಬಂದಿದೆ. ಕಾಲು ಮಾತ್ರ ಡ್ಯೂಟಿಯ ಮೇಲಿದೆ. ಕ್ಷೌರದ ಕುರ್ಚಿಯಲ್ಲಿ ಕತ್ತರಿ ಕಿವಿಯ ಹತ್ತಿರ ಬಂದರೆ ಅದು ಬ್ರೇಕು ಒತ್ತುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಸಾರಿನ ಬಕೆಟ್ಟಿನವನು ಜೋರಾಗಿ ಬಂದರೆ ಒತ್ತುತ್ತದೆ. ಒಮ್ಮೆ ಅವನನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪೇಟೆಗೆ ಹೋದೆ. ಮೂರು ಸಲ ಬ್ರೇಕು ಬಿತ್ತು. ಮೂರೂ ಸಲ ನನ್ನ ಹಿಮ್ಮಡಿಯ ಮೇಲೆ.

"ಗಾಡಿ ಬಾಳ ಬಿಡಬ್ಯಾಡ್ರಿ ಸಾಹೇಬ್ರ," ಎಂದ ಇಳಿಯುವಾಗ. ನಾನು ಓಡಿಸಿದ್ದು ಗಂಟೆಗೆ ಇಪ್ಪತ್ತೆರಡು ಕಿಲೋಮೀಟರಿನಲ್ಲಿ.

ಇಪ್ಪತ್ತೆಂಟು ವರ್ಷ ಅವನು ಬಸ್ಸು ಓಡಿಸಿದವನು. ಊರು ಬನವಾಸಿ ಕಡೆಯದು, ಅನ್ನ ಹಾಕಿದ್ದು ಯಲ್ಲಾಪುರ ರಸ್ತೆ. ಹೆಚ್ಚಿನ ಕಾಲ ಓಡಿಸಿದ್ದು ವಸ್ತಿ ಬಸ್ಸು. ಸಂಜೆ ಶಿರಸಿ ಬಿಟ್ಟು, ಯಲ್ಲಾಪುರ ದಾಟಿ, ಚಂದಗುಳಿಯ ಹಲಸಿನ ಮರದ ಬುಡದಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಅಲ್ಲಿಂದಲೇ ಜನರನ್ನು ಎತ್ತಿಕೊಂಡು ವಾಪಸು ಹೊರಡುವ ಬಸ್ಸು. ಚಂದಗುಳಿಯ ಗಣಪನಿಗೆ ಹರಕೆಯ ಗಂಟೆ ಒಪ್ಪಿಸುವವರು ಅದರಲ್ಲೇ ಬರುತ್ತಿದ್ದರು, ಮಡಿಲಲ್ಲಿ ಗಂಟೆ ಇಟ್ಟುಕೊಂಡು. ಜೋರಾಗಿ ಬ್ರೇಕು ಹಾಕಿದರೆ ಹದಿನೈದು ಗಂಟೆಗಳು ಒಟ್ಟಿಗೆ ಮೊಳಗಿ, ಬಸ್ಸಿನೊಳಗೇ ಮಂಗಳಾರತಿ ಆದಂತಾಗುತ್ತಿತ್ತು. ಹಾಗಾಗಿ ಒಂದೂ ಗಂಟೆ ಅಲುಗದಂತೆ ಬ್ರೇಕು ಹಾಕುವುದನ್ನು ಅವನು ರೂಢಿಸಿಕೊಂಡ. "ದೇವರಿಗಿಂತ ಮದ್ಲ ಡ್ರೈವರ್‌ಗ ಗಂಟಿ ಹೊಡೀಬಾರ್ದು" ಎಂಬುದು ಅವನ ಒಂದೇ ಸಿದ್ಧಾಂತ. ಇಪ್ಪತ್ತೆಂಟು ವರ್ಷದ ದಾಖಲೆಯಲ್ಲಿ ಅಪಘಾತ ಸೊನ್ನೆ. ಒಂದು ಕೋಳಿಯೂ ಇಲ್ಲ.

ಆಮೇಲೆ ಸಕ್ಕರೆ ಕಾಯಿಲೆ ಎಡಗಣ್ಣಿಗೆ ಇಳಿಯಿತು. ತಪಾಸಣೆಯಲ್ಲಿ ಡಾಕ್ಟರು ತೋರಿಸಿದ ಸಾಲುಗಳಲ್ಲಿ ಕೊನೆಯ ಮೂರನ್ನು ಅವನು ಅಂದಾಜಿನಲ್ಲಿ ಓದಿದ, ಅಂದಾಜು ತಪ್ಪಿತು. ಸ್ಟೇರಿಂಗಿನಿಂದ ಇಳಿಸಿ ಡಿಪೋದಲ್ಲಿ ಕೂರಿಸಿದರು. ಕಡೆಯ ಎರಡು ವರ್ಷ ಅವನು ಒಂದು ಕಿಟಕಿಯ ಹಿಂದೆ ಕುಳಿತು ಕಂಡಕ್ಟರುಗಳಿಗೆ ಟಿಕೆಟ್ ಯಂತ್ರ ಹಂಚಿದ. ಕಿಟಕಿಯಿಂದ ಬಸ್ಸುಗಳ ಹಿಂಭಾಗ ಮಾತ್ರ ಕಾಣುತ್ತಿತ್ತು. ಮೂವತ್ತು ವರ್ಷದ ಸೊನ್ನೆ ಆಗಬೇಕಿದ್ದದ್ದು ಇಪ್ಪತ್ತೆಂಟಕ್ಕೆ ನಿಂತಿತು. ಇದನ್ನು ಅವನು ಯಾರ ಹತ್ತಿರವೂ ಹೇಳಿದವನಲ್ಲ. ನನಗೆ ಹೇಳಿದ್ದು ಅವನ ಹೆಂಡತಿ ಗುರುಶಾಂತವ್ವ, ಅದೂ ಬೇಲಿಯಾಚೆಯಿಂದ, ಬಟ್ಟೆ ಹಿಂಡುತ್ತ.

ಕಂಪ್ಯೂಟರು ಬಂದದ್ದು ಹಾವೇರಿಯ ಅಳಿಯ ಗಿರೀಶನಿಂದ. ಅವನು ಹೊಸದು ಕೊಂಡು, ಹಳೆಯದನ್ನು ಆಟದ ಸ್ಟೇರಿಂಗು, ಪೆಡಲುಗಳ ಸಮೇತ ಮಾವನ ಮನೆಯಲ್ಲಿ ಜೋಡಿಸಿ ಹೋದ. ಅದರೊಳಗೆ ಒಂದು ಬಸ್ಸಿನ ಆಟ. ಯಾವುದೋ ದೂರದೇಶದ ರಸ್ತೆಗಳು, ಅಲ್ಲಿನ ಪ್ರಯಾಣಿಕರು. ಪರದೆಯ ಮೂಲೆಯಲ್ಲಿ ಎರಡು ಅಂಕಿ: ಓಡಿದ ಕಿಲೋಮೀಟರು, ಆದ ಅಪಘಾತ.

ಆ ಎರಡನೆಯ ಅಂಕಿ ಕಂಡದ್ದೇ ಮಧುಕೇಶ್ವರಣ್ಣ ನೆಟ್ಟಗೆ ಕುಳಿತ. ಕೈಬಿಟ್ಟುಹೋದ ಎರಡು ವರ್ಷದಲ್ಲಿ ತಾನು ಎಷ್ಟು ಓಡಿಸುತ್ತಿದ್ದೆ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಗುಣಿಸಿದ. ಹತ್ತಿರ ಹತ್ತಿರ ಒಂದು ಲಕ್ಷ ಕಿಲೋಮೀಟರು. ಅಷ್ಟನ್ನು ಇಲ್ಲಿ ಸೊನ್ನೆ ಅಪಘಾತದಲ್ಲಿ ಓಡಿಸಿಬಿಟ್ಟರೆ ಮೂವತ್ತು ವರ್ಷ ಪೂರ್ತಿಯಾಯಿತು. ಅಂದಿನಿಂದ ದಿನಾ ಬೆಳಿಗ್ಗೆ ಸ್ನಾನ, ವಿಭೂತಿ, ತಿಂಡಿ, ಹತ್ತಕ್ಕೆ ಡ್ಯೂಟಿ. ಆಯುಧಪೂಜೆಯ ದಿನ ಆ ಪ್ಲಾಸ್ಟಿಕ್ ಸ್ಟೇರಿಂಗಿಗೆ ಚೆಂಡುಹೂವು. ಪೆಡಲಿನ ಕೆಳಗೆ ಇಟ್ಟ ನಿಂಬೆಹಣ್ಣಿನ ರಸ ಒಳಗಿಳಿದು ಒಂದು ವಾರ ಎಕ್ಸಲರೇಟರು ಅಂಟಿಕೊಂಡಿತ್ತು.

"ಮದ್ವಿ ಆದಾಗಿಂದ ಇವ್ರು ಹಗಲೊತ್ತು ಮನ್ಯಾಗ ಇದ್ದಿದ್ದ ಕಂಡಿಲ್ಲ," ಎನ್ನುತ್ತಿದ್ದಳು ಗುರುಶಾಂತವ್ವ. "ಈಗ ಮನ್ಯಾಗ ಇದ್ರೂ ಇಲ್ಲ. ಉಪ್ಪಿಟ್ಟು ಮಾಡೀನಂದ್ರ 'ಮುಂದಿನ ಸ್ಟಾಪಿಗೆ' ಅಂತಾರ."

ಎಲ್ಲ ಆಟಗಾರರೂ ದಿನದ ಕೊನೆಗೆ ಬಸ್ಸನ್ನು ಆಟದ ಡಿಪೋಕ್ಕೆ ತಂದು ನಿಲ್ಲಿಸಿ, ಆಟವನ್ನು ಅಲ್ಲಿಗೆ ಉಳಿಸಿ, ಎಂದರೆ ಸೇವ್ ಮಾಡಿ, ಮುಚ್ಚುತ್ತಾರಂತೆ. ಇವನು ಮೂರು ವರ್ಷದಲ್ಲಿ ಒಂದು ದಿನವೂ ಡಿಪೋಕ್ಕೆ ಹೋದವನಲ್ಲ. ನಕ್ಷೆಯ ಅಂಚಿನಲ್ಲಿ, ರಸ್ತೆ ಮುಗಿದು ಸಮುದ್ರ ಶುರುವಾಗುವಲ್ಲಿ, ಐದು ಮನೆಗಳ ಒಂದು ಹಳ್ಳಿ ಇತ್ತು. ಅದರ ಹೆಸರು ನಮ್ಮ ಬಾಯಲ್ಲಿ ತಿರುಗುವಂಥದ್ದಲ್ಲ. ಅವನು ಅದನ್ನು ಚಂದಗುಳಿ ಎಂದು ಕರೆದು, ಬಸ್ಸನ್ನು ಅಲ್ಲೇ ವಸ್ತಿ ಹಾಕಿ, ಆಟವನ್ನು ಅಲ್ಲೇ ಉಳಿಸುತ್ತಿದ್ದ. ಬೆಳಿಗ್ಗೆ ಅಲ್ಲಿಂದಲೇ ಹೊರಡುತ್ತಿದ್ದ. ಇದು ಡ್ರೈವರನ ರೂಢಿ ಎಂದು ನಾನು ತಿಳಿದಿದ್ದೆ. ನನ್ನ ತಿಳಿವಳಿಕೆಯ ಮಟ್ಟ ಇಷ್ಟೇ.

ತೊಂಬತ್ತೇಳು ಸಾವಿರ ದಾಟುವ ಹೊತ್ತಿಗೆ ಅವನಿಗೆ ಚಡಪಡಿಕೆ ಶುರುವಾಯಿತು. ಎದ್ದು ನಿಲ್ಲುವುದು, ಕೂರುವುದು, ನಮ್ಮ ಜಗಲಿಗೆ ಬರುವುದು, ಚಹ ಬರುವ ಮೊದಲೇ ಹೋಗುವುದು.

"ಏನಾತು?" ಎಂದೆ.

"ಯಾರೂ ಕೈ ಮಾಡೂದಿಲ್ರೀ," ಎಂದ. "ಮೂರು ವರ್ಷ ಆತು. ಸ್ಟಾಪಿನ್ಯಾಗ ಗೊಂಬಿ ನಿಂತಂಗ ನಿಂತಿರ್ತಾರ. ರಸ್ತಿ ನಡುವ ಒಬ್ಬ ಅಂದ್ರ ಒಬ್ಬ ಚೀಲ ಹಿಡ್ಕೊಂಡು ಓಡಿ ಬರಂಗಿಲ್ಲ. ಗುಂಡಿಲ್ಲ, ದನ ಇಲ್ಲ. ಇದೂ ಒಂದು ರಸ್ತ್ಯಾ? ಇದ್ರಾಗ ಸೊನ್ನಿ ಮಾಡಾಕ ಮಧುಕೇಶ್ವರನ ಬೇಕೇನ್ರಿ?"

ಆಗಲೇ ಗಿರೀಶ ಫೋನಿನಲ್ಲಿ ಹೇಳಿದ್ದು: ಸಿದ್ದಾಪುರದ ಭೂಮಿಕಾ ಎಂಬ ಹುಡುಗಿ ಇದೇ ಆಟಕ್ಕೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ರಸ್ತೆಗಳನ್ನು ಮಾಡಿದ್ದಾಳೆ. ಹೀಗೆ ಹೊರಗಿನವರು ತಯಾರಿಸಿ ಆಟಕ್ಕೆ ಸೇರಿಸುವ ತುಂಡಿಗೆ 'ಮಾಡ್' ಎನ್ನುತ್ತಾರೆ. ಭೂಮಿಕಾ ಒಬ್ಬ ಇಂಜಿನಿಯರರ ಕಚೇರಿಯಲ್ಲಿ ಮನೆಗಳ ನಕ್ಷೆ ಬರೆಯುವವಳು. ಭಾನುವಾರಗಳಂದು ಹೆಲ್ಮೆಟ್ಟಿಗೆ ಫೋನು ಕಟ್ಟಿಕೊಂಡು ಸ್ಕೂಟಿಯಲ್ಲಿ ತಿರುಗಿ, ಪ್ರತಿ ತಿರುವನ್ನೂ ಚಿತ್ರ ಹಿಡಿದು ತಂದು, ಎರಡು ವರ್ಷ ಕೂತು ಕಟ್ಟಿದ್ದಾಳೆ.

ಮಧುಕೇಶ್ವರಣ್ಣ ಸೀದಾ ನನ್ನಲ್ಲಿಗೆ ಬಂದ. ಓಣಿಯಲ್ಲಿ ನಾನು ಕಂಪ್ಯೂಟರು ಬಲ್ಲವನು ಎಂದು ಪ್ರತೀತಿ. ಅದಕ್ಕೆ ಆಧಾರ, ನಾನು ಸೊಸೈಟಿಯಲ್ಲಿ ಕನ್ನಡ ಟೈಪು ಮಾಡುತ್ತೇನೆ ಮತ್ತು ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಕಾಗದವನ್ನು ಹರಿಯದೆ ಎಳೆಯಬಲ್ಲೆ. ಈ ಪ್ರತೀತಿಯನ್ನು ನಾನು ಯಾವತ್ತೂ ತಿದ್ದಲು ಹೋಗಿಲ್ಲ.

ಅವನ ಮನೆಗೆ ಹೋಗಿ, ಗಿರೀಶ ಕೊಟ್ಟ ನಂಬರಿನಿಂದ ಭೂಮಿಕಾಳಿಗೆ ಫೋನು ಮಾಡಿದೆವು. ಇಬ್ಬರೂ ಕೇಳುವಂತೆ ಮೇಜಿನ ಮೇಲಿಟ್ಟೆ.

"ಎಂತ ಗೊತ್ತಾ, ನೀವು ಮೂರು ವರ್ಷದ ಆಟದ ಮೇಲೆ ಹಾಕ್ತಾ ಇದ್ರಿ," ಎಂದಳು. "ಹೊಸ ಆಟ ಆದ್ರೆ ಹೆದರಿಕೆ ಇಲ್ಲ. ಹಳೇದ್ರ ಮೇಲೆ ಹಾಕೋಕೆ ಮೊದ್ಲು ಉಳಿಸಿದ ಆಟದ ಫೋಲ್ಡರಿನ ಪ್ರತಿ ತೆಗೆದು ಬೇರೆ ಕಡೆ ಇಡಿ. ಅದೇ ಕಂಪ್ಯೂಟರಲ್ಲಿ ಅಲ್ಲ, ಬೇರೆ ಕಡೆ. ಆಮೇಲೆ ಟ್ರಿಪ್ಪು ಮುಗಿಸಿ, ಜನ ಎಲ್ಲ ಇಳಿಸಿ, ಬಸ್ಸು ಡಿಪೋದಲ್ಲಿ ತಂದು ನಿಲ್ಸಿ. ನಕ್ಷೆ ಎಷ್ಟೇ ಬದಲಾದ್ರೂ ಡಿಪೋ ಬದಲಾಗೂದಿಲ್ಲೆ. ಅಲ್ಲಿದ್ದ ಬಸ್ಸಿಗೆ ಎಂತ ಆಗೂದಿಲ್ಲೆ. ತಿಳೀತಾ?"

"ತಿಳೀತು ತಿಳೀತು," ಎಂದೆ, ಅರ್ಧಕ್ಕೇ.

ಗುರುಶಾಂತವ್ವ ಒಳಗಿನಿಂದ ಬಂದು ನಿಂತಿದ್ದಳು. "ಅಂದ್ರ ಬೀಜದ ಶುಂಠಿ ಎತ್ತಿಟ್ಟಂಗ," ಎಂದಳು. ಅವಳ ತವರು ಬನವಾಸಿ ಕಡೆಯ ಶುಂಠಿ ಬೆಳೆಗಾರರದು. "ಮಾರೂ ಶುಂಠಿ ಗುಂಡ್ಯಾಗ ಬೀಜದ್ದು ಇಡಂಗಿಲ್ಲ. ಕೊಳಿ ರೋಗ ಬಂತಂದ್ರ ಎರಡೂ ಹೋಗ್ತಾವ."

"ಅಗ್ದಿ ಹಂಗೇ ಅಮ್ಮಾ!" ಎಂದಳು ಫೋನಿನಲ್ಲಿ ಭೂಮಿಕಾ. ನನಗೆ ಅವಳು ಅಗ್ದಿ ಹಂಗೇ ಎಂದಿರಲಿಲ್ಲ.

ಪ್ರತಿ ತೆಗೆಯುವ ಕೆಲಸವನ್ನು ನಾನು ವಹಿಸಿಕೊಂಡೆ. ಪೆನ್‌ಡ್ರೈವ್ ಚುಚ್ಚಿ, ಪರದೆಯ ಮೇಲೆ ಬಸ್ಸಿನ ಚಿತ್ರವಿದ್ದ ಗುರುತನ್ನು ಹಿಡಿದು, ಅದರೊಳಗೆ ಬಿಟ್ಟೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಮೂರು ವರ್ಷದ ಓಟ ಅಷ್ಟು ಬೇಗ ಹೇಗೆ ದಾಟಿತು ಎಂಬ ಅನುಮಾನ ನನಗೆ ಬರಬೇಕಿತ್ತು. ಬದಲಿಗೆ ಕಂಪ್ಯೂಟರು ಚುರುಕಾಗಿದೆ ಎಂದು ಹೊಗಳಿದೆ.

"ಬಸ್ಸು ಡಿಪೋದಾಗ ಐತಿ ಹೌದಿಲ್ಲೋ?" ಎಂದು ಕೇಳಿದೆ.

ಮಧುಕೇಶ್ವರಣ್ಣ ಕನ್ನಡಕ ಒರೆಸಿಕೊಂಡ. "ಬಸ್ಸು ಎಲ್ಲಿರಬೇಕೋ ಅಲ್ಲೇ ಐತ್ರಿ," ಎಂದ.

ಮಾಡ್ ಹಾಕಿದೆವು. ಆಟ ತೆರೆಯಿತು. ಪರದೆ ಕಪ್ಪಾಯಿತು. ಎಲ್ಲಿಯೂ ರಸ್ತೆಯಿಲ್ಲ, ಆಕಾಶವಿಲ್ಲ. ಆಮೇಲೆ ಭೂಮಿಕಾ ವಿವರಿಸಿದಳು: ಅವಳು ನಮ್ಮ ಮೂರು ತಾಲೂಕುಗಳನ್ನು ತಂದು ಜೋಡಿಸಿದ್ದು ನಕ್ಷೆಯ ಆ ಸಮುದ್ರದಂಚಿಗೇ. ಐದು ಮನೆಗಳ ಹಳ್ಳಿ ಇದ್ದ ಜಾಗದಲ್ಲಿ ಈಗ ಒಂದು ಘಟ್ಟ. ಹಿಂದಿನ ಸಂಜೆ ವಸ್ತಿ ಹಾಕಿದ್ದ ಬಸ್ಸು ಆ ಘಟ್ಟದ ಹೊಟ್ಟೆಯೊಳಗೆ ಇತ್ತು. ಆಟಕ್ಕೆ ಇದು ಅಜೀರ್ಣವಾಗಿರಬೇಕು. ಬಸ್ಸನ್ನು ಹೊರಕ್ಕೆ ಉಗುಳಿತು. ಬಸ್ಸು ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಛಾವಣಿ ಕೆಳಗಾಗಿ, ಶಿರಸಿ-ಯಲ್ಲಾಪುರ ರಸ್ತೆಯ ಮೇಲೆ ಬಿತ್ತು. ರಸ್ತೆ ಮಾತ್ರ ಬಹಳ ಚೆನ್ನಾಗಿ ಮಾಡಿದ್ದಳು.

ಪರದೆಯ ಮೂಲೆಯಲ್ಲಿ ಬಂತು. ಅಪಘಾತ: 1.

ಆಟ ತನ್ನಷ್ಟಕ್ಕೆ ಅದನ್ನು ಉಳಿಸಿಕೊಂಡೂ ಬಿಟ್ಟಿತು.

"ಚಿಂತಿಲ್ಲ," ಎಂದು ನಾನು ಪೆನ್‌ಡ್ರೈವನ್ನು ಹೊರತೆಗೆದೆ, ಸಂಜೀವಿನಿ ತಂದವನ ಹಾಗೆ. ತೆರೆದು ನೋಡಿದರೆ ಅದರಲ್ಲಿದ್ದದ್ದು ಆಟದ ಗುರುತು ಮಾತ್ರ. ಒತ್ತಿದರೆ ಕಂಪ್ಯೂಟರಿನಲ್ಲಿರುವ ಆಟಕ್ಕೆ ದಾರಿ ತೋರಿಸುವ ಚಿತ್ರ. ಬೀಜದ ಶುಂಠಿ ಎತ್ತಿಡುತ್ತೇನೆಂದು ನಾನು ಚೀಲದ ಮೇಲಿನ ಚೀಟಿಯನ್ನು ಎತ್ತಿಟ್ಟಿದ್ದೆ.

ಅವನು ಬೈದಿದ್ದರೆ ಚೆನ್ನಾಗಿತ್ತು. ಕಂಪ್ಯೂಟರು ಆರಿಸಿ, ಸ್ಟೇರಿಂಗಿನ ಮೇಲೆ ಟವೆಲು ಹೊದಿಸಿ, ಜಗಲಿಯಲ್ಲಿ ಹೋಗಿ ಕುಳಿತ. ಎರಡು ದಿನ ಹಾಗೇ. ಮೂರನೆಯ ದಿನ ಗುರುಶಾಂತವ್ವ ಬೇಲಿಯ ಹತ್ತಿರ ನನ್ನನ್ನು ಕರೆದಳು. ಬಟ್ಟೆ ಹಿಂಡುತ್ತಿರಲಿಲ್ಲ.

"ಕಾಲು ನಿಂತೈತ್ರಿ," ಎಂದಳು.

"ಯಾರ ಕಾಲು?"

"ಇವ್ರ ಬಲಗಾಲು. ನಿನ್ನಿ ಹಾಲಿನವ ಸೈಕಲ್ ಮ್ಯಾಲ ಅಂಗಳದಾಗ ಜೋರ್ ಬಂದ. ಒತ್ತಲಿಲ್ಲ. ಸುಮ್ನ ನೋಡಿದ್ರು." ಸೆರಗಿನಿಂದ ಕೈ ಒರೆಸಿಕೊಂಡಳು. "ಕಣ್ಣು ಹೋದಾಗೂ ಹಿಂಗಾಗಿದ್ದಿಲ್ಲ. ನೀವ ಕೆಡಿಸೀರಿ, ನೀವ ದಾರಿ ಮಾಡ್ರಿ."

ಅವತ್ತೇ ಭೂಮಿಕಾಳ ಮನೆಗೆ ಹೊರಟೆವು. ಕಂಪ್ಯೂಟರಿನ ಡಬ್ಬವನ್ನು ಹಾಸಿಗೆಯ ಚಾದರದಲ್ಲಿ ಗಂಟು ಕಟ್ಟಿ ಗುರುಶಾಂತವ್ವ ಮಡಿಲಲ್ಲಿಟ್ಟುಕೊಂಡಳು. ಸ್ಟೇರಿಂಗು ನನ್ನ ತೊಡೆಯ ಮೇಲೆ, ಪೆಡಲು ನನ್ನ ಚೀಲದಲ್ಲಿ. ಸಿದ್ದಾಪುರದ ಬಸ್ಸು ಹತ್ತಿದರೆ ಕಂಡಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಂತ ಮಾರಾಯ್ರೆ ಇದು, ಸ್ಪೇರಾ? ನಮ್ದು ಕಳಚಿ ಬಂದ್ರೆ ಕೊಡ್ತ್ರಾ?"

ಬಸ್ಸು ತುಂಬ ನಗು. ಮಧುಕೇಶ್ವರಣ್ಣ ನಗಲಿಲ್ಲ. ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತಿದ್ದ. ನಾನು ದಾರಿಯುದ್ದಕ್ಕೂ ಅವನ ಕಾಲನ್ನೇ ನೋಡಿದೆ. ಒಂದು ತಿರುವಿನಲ್ಲಿ ಅಡ್ಡ ಬಂದ ಬೈಕಿಗೆ ಡ್ರೈವರು ಹಲ್ಲು ಕಚ್ಚಿ ಬ್ರೇಕು ಹಾಕಿದ. ನಾನೇ ಕಾಲು ಒತ್ತಿದೆ. ಮಧುಕೇಶ್ವರಣ್ಣನದು ಚಪ್ಪಲಿಯಲ್ಲಿ ಚೀಲದ ಹಾಗೆ ಬಿದ್ದಿತ್ತು.

ಭೂಮಿಕಾ ಮನೆಯ ಮುಂದಿನ ಕೋಣೆಯಲ್ಲೇ ಎಲ್ಲವನ್ನೂ ಜೋಡಿಸಿದಳು. "ಆಯಿ, ಮೂರು ಜನ ಬಂದಿದ್ದ, ಚಾ ಮಾಡ್ತ್ಯಾ? ಆನು ಆಮೇಲೆ ಬತ್ತೆ," ಎಂದು ಒಳಗಿದ್ದ ತಾಯಿಗೆ ಕೂಗಿ, ಹತ್ತು ನಿಮಿಷ ಏನೇನೋ ತೆರೆದು ಮುಚ್ಚಿದಳು. ನಾನು ತೆಗೆದ ಪ್ರತಿಯನ್ನು ನೋಡಿ ತುಟಿ ಕಚ್ಚಿದಳು. ನಗು ತಡೆದದ್ದು ಎಂದು ನನಗೆ ಗೊತ್ತಾಯಿತು.

"ಇಲ್ಲೊಂದು ಇದ್ದು," ಎಂದಳು ಕೊನೆಗೆ. "'ಮಾವ' ಹೇಳಿ ಹೆಸರು. ಹದಿನೆಂಟು ದಿನ ಹಿಂದಿಂದು. ಯಾರು ಉಳಿಸಿದ್ದು?"

ಗಿರೀಶನಿಗೆ ಫೋನು ಮಾಡಿದೆವು. ಹೋದ ಸಲ ಬಂದಾಗ ಅವನು ಸ್ವಲ್ಪ ಹೊತ್ತು ಓಡಿಸಿ ನೋಡಬೇಕೆಂದಿದ್ದ. ಮಾವನ ಸೊನ್ನೆ ತನ್ನ ಕೈಯಲ್ಲಿ ಕೆಟ್ಟೀತೆಂಬ ಭಯಕ್ಕೆ ಮೊದಲು ಬೇರೆ ಹೆಸರಿನಲ್ಲಿ ಒಂದನ್ನು ಉಳಿಸಿಟ್ಟಿದ್ದನಂತೆ. ಅಳಿಯನಿಗೆ ಇದ್ದ ಭಯ ನನಗಿರಲಿಲ್ಲ.

ತೆರೆದಳು. 95,100 ಕಿಲೋಮೀಟರು. ಅಪಘಾತ: 0. ಬಸ್ಸು ಐದು ಮನೆಗಳ ಹಳ್ಳಿಯಲ್ಲಿ, ಸಮುದ್ರಕ್ಕೆ ಬೆನ್ನು ಮಾಡಿ ನಿಂತಿತ್ತು.

"ಎರಡು ಸಾವಿರದ ಚಿಲ್ಲರೆ ಹೋತು," ಎಂದೆ.

"ಹೋಗ್ಲಿ ಬಿಡ್ರಿ, ಓಡಿಸ್ತೀನಿ," ಎಂದ ಮಧುಕೇಶ್ವರಣ್ಣ.

"ಹಾಂಗಾದ್ರೆ ಈಗ ಮಾಡ್ ಇಲ್ಲದೆ ಹಳೇ ನಕ್ಷೆಯಲ್ಲೇ ಓಡಿಸಿ ಡಿಪೋಕ್ಕೆ ತನ್ನಿ. ಒಂದು ಗಂಟೆ ದಾರಿ. ಆಮೇಲೆ ಹಾಕ್ವ," ಎಂದಳು ಭೂಮಿಕಾ.

ಅವನು ಸ್ಟೇರಿಂಗು ಮುಟ್ಟಲಿಲ್ಲ. "ಡಿಪೋ ಬ್ಯಾಡವ್ವ. ಬ್ಯಾರೆ ಎಲ್ಲಿ ಬೇಕಾರ ನಿಲ್ಲಸ್ತೀನಿ."

"ಬೇರೆ ಎಲ್ಲಿ ನಿಲ್ಸಿದ್ರೂ ನಾ ಖಾತ್ರಿ ಕೊಡೂದಿಲ್ಲೆ. ಮತ್ತೆ ಗುಡ್ಡದ ಒಳಗೆ ಹೋದ್ರೆ? ಡಿಪೋಕ್ಕೆ ಹೋಗೂಕೆ ಎಂತ ಆಯ್ತು ನಿಮ್ಗೆ?"

ಉತ್ತರ ಗುರುಶಾಂತವ್ವನಿಂದ ಬಂತು. "ಕಡೀ ಎರಡು ವರ್ಷ ಅಲ್ಲೇ ಕುಂಡ್ರಿಸಿದ್ರವ್ವ. ಕಿಟಕ್ಯಾಗ." ಅಷ್ಟೇ ಹೇಳಿ ಚಹದ ಲೋಟ ತಿರುಗಿಸಿದಳು.

ಮೂರು ವರ್ಷ ಪಕ್ಕದಲ್ಲಿದ್ದು ನಾನು ರೂಢಿ ಎಂದು ತಿಳಿದದ್ದು ರೂಢಿಯಾಗಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಹೊಳೆದದ್ದನ್ನು ಏನು ಮಾಡಬೇಕೆಂದು ತೋಚದೆ ಬಿಸ್ಕತ್ತು ತಿಂದೆ.

"ನೋಡ್ರಿ," ಎಂದಳು ಗುರುಶಾಂತವ್ವ ಗಂಡನಿಗೆ, ದನಿ ಏರಿಸದೆ. "ಬೀಜ ಉಳೀಬೇಕಂದ್ರ ಗುಂಡಿಗೆ ಇಳೀಬೇಕು. ಕತ್ತಲ ಇರತೈತಿ. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ. ಅಲ್ಲೇನು ಇರಾಕ ಹೇಳ್ಯಾರ ನಿಮಗ? ಒಳಗ ಹೋಗ್ರಿ, ನಿಲ್ಲಸ್ರಿ, ಹೊರಗ ಬರ್ರಿ."

ಅವನು ವಿಭೂತಿ ಅಳಿಸಿಹೋದ ಹಣೆಯನ್ನು ಒಮ್ಮೆ ಒರೆಸಿಕೊಂಡು ಸ್ಟೇರಿಂಗು ಹಿಡಿದ.

ಒಂದು ಗಂಟೆ ನಾವು ಮೂವರೂ ಆ ಕೋಣೆಯಲ್ಲಿ ಪ್ರಯಾಣಿಕರಾದೆವು. ಊರುಗಳು ಬಂದವು, ಗೊಂಬೆಯಂಥ ಜನ ಹತ್ತಿದರು, ಇಳಿದರು. ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾಯಿತು. ಡಿಪೋದ ಗೇಟು ಕಂಡಾಗ ಅವನು ನಿಧಾನ ಮಾಡಿದ. ಎಷ್ಟು ನಿಧಾನವೆಂದರೆ ಹಿಂದೆ ಬಂದ ಲಾರಿಗಳು ಹಾರ್ನು ಹೊಡೆದವು. ಗೇಟು ದಾಟಿ ಒಳಗೆ ಹೋದ. ಅಲ್ಲಿಯೂ ಒಂದು ಕಿಟಕಿ ಇತ್ತು, ಒಳಗೆ ಯಾರೂ ಇರಲಿಲ್ಲ. ಅದನ್ನು ನೋಡಿದನೋ ಇಲ್ಲವೋ ಗೊತ್ತಿಲ್ಲ. ಬಸ್ಸನ್ನು ಬಿಳಿ ಗೆರೆಗಳ ನಡುವೆ ನಿಲ್ಲಿಸಿ, ಕೈಬ್ರೇಕು ಎಳೆದು, "ಲಗೂ ಮಾಡವ್ವ ಭೂಮಿಕಾ," ಎಂದ.

ಅವಳು ಮೊದಲು ಪ್ರತಿ ತೆಗೆದಳು, ಈ ಸಲ ನಿಜವಾದದ್ದು. ಅದಕ್ಕೆ ಎಂಟು ನಿಮಿಷ ಹಿಡಿಯಿತು. ಪೆನ್‌ಡ್ರೈವನ್ನು ನಾನು ಕೈನೀಡಿ ಕೇಳಿದೆ. ಅವಳು ನನ್ನ ಕೈಯನ್ನು ದಾಟಿಸಿ ಗುರುಶಾಂತವ್ವನಿಗೆ ಕೊಟ್ಟಳು. ಆಕೆ ಅದನ್ನು ಕರ್ಚೀಫಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದಳು. "ಇದು ನಮ್ಮನ್ಯಾಗ ಇಡೂದಲ್ಲ. ಬನವಾಸ್ಯಾಗ ನಮ್ಮ ತಂಗಿ ಅನ್ನಪೂರ್ಣಿ ಮನ್ಯಾಗ ಇರತೈತಿ."

ಮಾಡ್ ಹಾಕಿದಳು. ಪರದೆ ಕಪ್ಪಾಯಿತು. ಡಿಪೋ ಬಂತು, ಬಸ್ಸು ಬಂತು, ಗೆರೆಗಳ ನಡುವೆ, ನೆಟ್ಟಗೆ. ಅಪಘಾತ: 0.

ಮಧುಕೇಶ್ವರಣ್ಣ ಗೇಟಿನಿಂದ ಹೊರಬಿದ್ದು ಹೊಸ ಫಲಕ ತೋರಿಸಿದ ಕಡೆ ತಿರುಗಿದ. ಕನ್ನಡ ಅಕ್ಷರದಲ್ಲಿ ಯಲ್ಲಾಪುರ. ಎರಡು ಬದಿ ಕಾಡು, ಗುಂಡಿ, ಒಂದು ಎಮ್ಮೆ. ಸ್ಟಾಪಲ್ಲದ ಕಡೆ ಒಬ್ಬ ಹೆಂಗಸು ಚೀಲ ಹಿಡಿದು ಕೈ ಮಾಡಿದಳು. ಅಲ್ಲಿ ನಿಲ್ಲಿಸಿದರೆ ಅಂಕ ಕಳೆಯುತ್ತದೆ ಎಂದು ಭೂಮಿಕಾ ಎಚ್ಚರಿಸುವಷ್ಟರಲ್ಲಿ ಅವನ ಬಲಗಾಲು ಒತ್ತಿಯಾಗಿತ್ತು.

"ಕಳೀಲಿ," ಎಂದ. ಆಮೇಲೆ ಪರದೆಗೆ ಮುಖ ಹತ್ತಿರ ತಂದು, "ಆದ್ರ ಈ ತಿರುವು ತಪ್ಪೈತಿ ನೋಡವ್ವ. ಮಾವಿನ ಮರ ಬಲಕ್ಕ. ಎಡಕ್ಕಲ್ಲ. ಮತ್ತ ನಕ್ಷ್ಯಾಗ ಯಲ್ಲಾಪುರ ಆದಮ್ಯಾಲೆ ರಸ್ತಿನೇ ಇಲ್ಲಲ್ಲ? ಚಂದಗುಳಿ ಎಲ್ಲೈತಿ? ವಸ್ತಿ ಎಲ್ಲಿ ಹಾಕ್ಲಿ?"

"ಮುಂದೆ ಮಾಡ್ತೆ. ಅಲ್ಲೂ ಒಂದು ಡಿಪೋ ಕಟ್ಟಿ ಕೊಡ್ಲಾ, ಬಸ್ಸು ಉಳ್ಸೂಕೆ?"

"ಡಿಪೋ ಬ್ಯಾಡ. ಒಂದು ಹಲಸಿನ ಮರ ಸಾಕು."

ಎರಡು ತಿಂಗಳಿಗೆ ಭೂಮಿಕಾ ಚಂದಗುಳಿಯ ತುಂಡನ್ನು ಕಳಿಸಿದಳು. ಹಲಸಿನ ಮರವಿತ್ತು, ಅದರ ಬುಡದಲ್ಲಿ ಉಳಿಸಿದ ಬಸ್ಸು ಸುರಕ್ಷಿತ. ಮೇಲಿಂದ ಅವಳದೇ ಒಂದು ಸೇರ್ಪಡೆ: ಪ್ರಯಾಣಿಕರ ಮಡಿಲಲ್ಲಿ ಗಂಟೆ. ಬ್ರೇಕು ಜೋರಾದರೆ ಮೊಳಗುತ್ತದೆ. ಗಂಟೆಯ ಸುದ್ದಿಯನ್ನು ಅವಳ ಕಿವಿಗೆ ಹಾಕಿದವನು ನಾನು. ಈ ಇಡೀ ವ್ಯವಹಾರದಲ್ಲಿ ನಾನು ಕೆಡಿಸದ ಕೆಲಸ ಅದೊಂದೇ.

ಅದನ್ನು ಹಾಕುವ ದಿನ ನೋಡಬೇಕಿತ್ತು ಅವನನ್ನು. 98,700 ಆಗಿತ್ತು. ಬಸ್ಸನ್ನು ಬೆಳಿಗ್ಗೆಯೇ ಡಿಪೋಕ್ಕೆ ತಂದು, ಗೊಣಗುತ್ತ ನಿಲ್ಲಿಸಿದ್ದ. ಹೊಸ ಪ್ರತಿ ಹೊತ್ತು ಗುರುಶಾಂತವ್ವ ಹತ್ತರ ಬಸ್ಸಿಗೆ ಬನವಾಸಿಗೆ ಹೋಗಿದ್ದಳು. ಅದು ಅಲ್ಲಿ ಮುಟ್ಟಿತೆಂದು ಫೋನು ಬರುವ ತನಕ ಏನನ್ನೂ ಮುಟ್ಟುವಂತಿಲ್ಲ ಎಂದು ಅಪ್ಪಣೆ. ಅವನು ಎದ್ದು ಬಾಗಿಲಿಗೆ ಹೋದ, ಬಂದ, ಕುಳಿತ. ಕಾಲು ಖಾಲಿ ನೆಲವನ್ನು ಒತ್ತುತ್ತಲೇ ಇತ್ತು.

"ಆಕಿ ಬಸ್ಸಿಗೆ ಯಾವ ಡ್ರೈವರ್ರೀ ಇವ? ಇಷ್ಟೊತ್ತಿಗೆ ನಾ ಎರಡು ಸಲ ಹೋಗಿ ಬರ್ತಿದ್ದೆ!"

ಹನ್ನೊಂದೂವರೆಗೆ ಫೋನು ಬಂತು. "ಅನ್ನಪೂರ್ಣಿ ತಗೊಂಡ್ಲು. ಅಕ್ಕಿ ಡಬ್ಬ್ಯಾಗ ಇಟ್ಟಾಳ. ಹಾಕ್ರಿ," ಎಂದಳು ಗುರುಶಾಂತವ್ವ. ಫೋನು ಇಡದೆ ಹಾಗೇ ಹಿಡಿದುಕೊಂಡಳು.

ಹಾಕಿದೆವು. ಸೊನ್ನೆ ಇದ್ದಲ್ಲೇ ಇತ್ತು. ಯಲ್ಲಾಪುರ ದಾಟಿದ. ಹರಕೆಯವರು ಹತ್ತಿದರು. ಮೊದಲ ತಿರುವಿನಲ್ಲಿ ಒಂದು ದನ ರಸ್ತೆಗಿಳಿಯಿತು. ಇಪ್ಪತ್ತೆಂಟು ವರ್ಷದ ಕಾಲು ಮೆಲ್ಲಗೆ, ಬೆಣ್ಣೆಯ ಮೇಲೆ ಇಟ್ಟ ಹಾಗೆ, ಪೆಡಲಿನ ಮೇಲೆ ಕುಳಿತಿತು.

ಠಣ್.

ಅವನು ಬಗ್ಗಿ ಮೇಜಿನ ಕೆಳಗೆ ನೋಡಿದ. "ಇದು ಪೆಡಲಿನ ದೋಷ," ಎಂದ ನನಗೆ. "ಲಿಂಬಿಹಣ್ಣಿಂದು."

"ಇಲ್ಲಿಗೂ ಕೇಳಸ್ತು!" ಎಂದಿತು ಫೋನು, ಬನವಾಸಿಯಿಂದ.